ಹೆಸರು ಇವತ್ತೇ ಕೊಡಿ, ಎಗರುವುದು ಆರು ವಾರ ಬಿಟ್ಟು

ಗಣೇಶನನ್ನು ನೀರಿಗೆ ಬಿಟ್ಟು ಪೆಂಡಾಲ್ ಬಿಚ್ಚುವ ಹೊತ್ತಿಗೆ ನಮ್ಮ ನಾಗರಬಾವಿಯ ಬಡಾವಣೆಗಳ ವಾಟ್ಸಾಪ್ ಗುಂಪುಗಳಲ್ಲಿ ಒಂದು ಸಂದೇಶ ಓಡಾಡತೊಡಗುತ್ತದೆ. ರಾಜ್ಯೋತ್ಸವದ ಪ್ರಯುಕ್ತ ಗಂಡಸರಿಗೆ ಟೆನ್ನಿಸ್ ಬಾಲ್ ಕ್ರಿಕೆಟ್, ಹೆಂಗಸರಿಗೆ ಥ್ರೋಬಾಲ್, ಜೊತೆಗೆ ಶಟಲ್ ಡಬಲ್ಸ್. ಆಸಕ್ತರು ಹೆಸರು ಕೊಡಿ. ಅದರ ಕೆಳಗೆ ಬರುವ ಉತ್ತರಗಳೂ ವರ್ಷ ವರ್ಷ ಅವೇ. "ಸ್ಕೂಲಲ್ಲಿ ಆಡ್ತಿದ್ದೆ ಕಣ್ರೀ, ಈಗ ಮೈ ಬಗ್ಗಲ್ಲ." "ಸ್ವಲ್ಪ ತೂಕ ಇಳಿಸ್ಕೊಂಡು ಮುಂದಿನ ವರ್ಷ ಬರ್ತೀನಿ." ಆರು ವರ್ಷ ನಾನೂ ಇದನ್ನೇ ಬರೆದೆ.

ಏಳನೇ ವರ್ಷ, ನಲವತ್ನಾಲ್ಕು ತುಂಬಿದ ಮೇಲೆ, ತಂಡಕ್ಕೆ ಒಬ್ಬರು ಕಡಿಮೆ ಬಿದ್ದರೆಂದು ಗುರುವಾರ ಥ್ರೋಬಾಲಿಗೆ ಹೆಸರು ಕೊಟ್ಟೆ, ಭಾನುವಾರ ಆಡಿದೆ. ಎರಡನೇ ಸೆಟ್‌ನಲ್ಲಿ ತಲೆಯ ಮೇಲೆ ಹಾದು ಹೋಗುತ್ತಿದ್ದ ಚೆಂಡಿಗೆ ಹಿಂದೆ ಹಿಂದೆ ಹೆಜ್ಜೆ ಇಟ್ಟೆ. ಬಲಪಾದ ಹೊರಮಗ್ಗುಲಿಗೆ ಮಗುಚಿತು. ಸಿಮೆಂಟಿನ ಮೇಲೆ ಕೂತು ನೋಡುತ್ತಿದ್ದಂತೆಯೇ ಕಣಕಾಲಿನ ಮೂಳೆ ಕಾಣದಷ್ಟು ಊದಿಕೊಂಡಿತು. ಎರಡು ತಿಂಗಳು ಮೆಟ್ಟಿಲನ್ನು ಒಂದೊಂದಾಗಿ ಇಳಿದೆ. ಮರುವರ್ಷ ಮತ್ತೆ ಹೆಸರು ಕೊಟ್ಟೆ, ಆದರೆ ಆ ಸಲ ಹೆಸರಿಗೂ ಮೊದಲ ಪಂದ್ಯಕ್ಕೂ ನಡುವೆ ಆರು ವಾರ ಇಟ್ಟುಕೊಂಡೆ. ಈಗ ಮೂರು ವರ್ಷದಿಂದ ಬಿಡದೆ ಆಡುತ್ತಿದ್ದೇನೆ. ಕಲಿತದ್ದಿಷ್ಟು: ಮೈ ಸರಿಯಾದ ಮೇಲೆ ಸೇರುತ್ತೇನೆ ಎನ್ನುವವರು ಸೇರುವುದೇ ಇಲ್ಲ, ಸೇರಿದ ವಾರವೇ ಪೂರ್ತಿ ಆಡುವವರು ಉಳಿಯುವುದಿಲ್ಲ. ಹೆಸರು ಮೊದಲು ಕೊಡಬೇಕು. ಪಂದ್ಯದ ತಾರೀಖು ಕ್ಯಾಲೆಂಡರಿನಲ್ಲಿ ಬಿದ್ದ ಮೇಲೆಯೇ ಬೆಳಗ್ಗೆ ಐದೂವರೆಗೆ ಕಾಲು ಹೊಸ್ತಿಲು ದಾಟುವುದು.

ಯಾವ ಆಟ?

ಹೊರಗಿನಿಂದ ನೋಡಿದರೆ ಸುಲಭ ಅನ್ನಿಸುವ ಆಟವೇ ಎಷ್ಟೋ ಸಲ ಮೈಗೆ ಕಷ್ಟ. ಶಟಲ್ಲನ್ನೇ ನೋಡಿ. ಐದು ಗ್ರಾಂ ಆಸುಪಾಸಿನ ಗರಿಯ ಕಾಕು, ಕೈಯಲ್ಲಿ ಹಗುರ ರ‍್ಯಾಕೆಟ್. ಆದರೆ ಒಂದು ರ‍್ಯಾಲಿಯಲ್ಲಿ ಮುಂದೆ ಚಾಚಿ, ಹಿಂದೆ ನೆಗೆದು, ಪಕ್ಕಕ್ಕೆ ಜಿಗಿಯುವಾಗ ಮೈಯ ಭಾರವೆಲ್ಲ ಹಿಮ್ಮಡಿಯ ಮೇಲಿನ ದಪ್ಪ ಸ್ನಾಯುರಜ್ಜುವಿನ ಮೇಲೆ ಬೀಳುತ್ತದೆ. ಅಕಿಲಿಸ್ ಎಂಬ ಆ ರಜ್ಜು ಕಿತ್ತು ಬರುವವರಲ್ಲಿ ಹೆಚ್ಚಿನವರು ಮೂವತ್ತರಿಂದ ಐವತ್ತರೊಳಗಿನ, ವಾರಕ್ಕೊಮ್ಮೆ ಆಡುವ ಗಂಡಸರು. ಶಟಲ್ ಇಷ್ಟವಿದ್ದರೆ ಖಂಡಿತ ಆಡಿ, ಆದರೆ ಡಬಲ್ಸ್‌ನಿಂದ ಶುರುಮಾಡಿ. ನಮ್ಮ ಕಡೆಯ ಶೆಡ್ ಕೋರ್ಟ್‌ಗಳಲ್ಲಿ ಬೆಳಗಿನ ಬ್ಯಾಚುಗಳಿವೆ. ಜೊತೆ ಸಿಗದಿದ್ದರೆ ಪ್ಲೇಯೋ ಆ್ಯಪ್‌ನಲ್ಲಿ ನಿಮ್ಮ ಮಟ್ಟದವರ ಆಟಕ್ಕೇ ಸೇರಿಕೊಳ್ಳಬಹುದು. ಅಲ್ಲಿ "ಬಿಗಿನರ್" ಎಂದೇ ಹಾಕಿ, ಕಾಲೇಜಿನಲ್ಲಿ ಆಡಿದ್ದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಕೋರ್ಟ್ ದೊಡ್ಡದಾಗಿರಬೇಕು, ಹೊಸದಾಗಿರಬೇಕು ಎಂದೇನೂ ಇಲ್ಲ. 1980ರಲ್ಲಿ ಆಲ್ ಇಂಗ್ಲೆಂಡ್ ಗೆದ್ದ ಪ್ರಕಾಶ್ ಪಡುಕೋಣೆ ಆಟ ಕಲಿತದ್ದು ಮಲ್ಲೇಶ್ವರದ ಕೆನರಾ ಯೂನಿಯನ್ನಿನ ಹಾಲ್‌ನಲ್ಲಿ. ಮದುವೆಗಳು ನಡೆಯುತ್ತಿದ್ದ ಹಾಲ್ ಅದು. ಮನೆಗೆ ಹತ್ತಿರವಿರುವ ಕೋರ್ಟೇ ಒಳ್ಳೆಯ ಕೋರ್ಟ್. ಹೊರವರ್ತುಲ ರಸ್ತೆಯ ಟ್ರಾಫಿಕ್ಕಿನಲ್ಲಿ ಅರ್ಧ ಗಂಟೆ ಕೂರಬೇಕಾದ ಜಾಗಕ್ಕೆ ಮೂರನೇ ವಾರದ ನಂತರ ಯಾರೂ ಹೋಗುವುದಿಲ್ಲ.

ಟರ್ಫ್‌ನ ಬಾಕ್ಸ್ ಕ್ರಿಕೆಟ್ಟಿನ ಕಷ್ಟ ಬೇರೆ ಥರದ್ದು. ಹತ್ತು ನಿಮಿಷ ಸುಮ್ಮನೆ ನಿಂತಿರುತ್ತೀರಿ, ಆಮೇಲೆ ಒಮ್ಮೆಲೇ "ಬಾ ಬಾ ಬಾ" ಎಂದು ಎರಡು ರನ್ನಿಗೆ ಕೂಗು. ತಣ್ಣಗಾಗಿದ್ದ ಮೀನಖಂಡ ಹಿಡಿದುಕೊಳ್ಳುವುದು ಆಗಲೇ. ಫೀಲ್ಡಿಂಗ್ ಮಾಡುವಾಗಲೂ ಪ್ರತಿ ಚೆಂಡಿಗೆ ಎರಡು ಹೆಜ್ಜೆ ಮುಂದೆ ಬರುವ ಅಭ್ಯಾಸ ಇಟ್ಟುಕೊಂಡರೆ ಮೈ ಬಿಸಿ ಆರುವುದಿಲ್ಲ. ವಿಕ್ಕಿ ಬಾಲಿನಲ್ಲಿ ಆಡುವ ತಂಡವಾದರೆ ಮೊದಲೇ ಕೇಳಿ ತಿಳಿದುಕೊಳ್ಳಿ. ಮಾಮೂಲಿ ಟೆನ್ನಿಸ್ ಬಾಲಿಗಿಂತ ಅದು ಗಟ್ಟಿ, ಬೆರಳಿಗೆ ಬಿದ್ದರೆ ವಾರಗಟ್ಟಲೆ ನೋವು.

ಹೊಸಬರಿಗೆ, ಅದರಲ್ಲೂ ಇಪ್ಪತ್ತು ವರ್ಷ ಬಿಟ್ಟು ಮೈದಾನಕ್ಕೆ ಬರುವ ಹೆಂಗಸರಿಗೆ, ನಾನು ಹೇಳುವುದು ಥ್ರೋಬಾಲ್. ಮದ್ರಾಸಿನ ವೈಎಂಸಿಎ ಮೂಲಕ ಹೆಣ್ಣುಮಕ್ಕಳ ಆಟವಾಗಿ ಹಬ್ಬಿ, ಕರ್ನಾಟಕದ ಶಾಲೆಗಳಲ್ಲಿ ಬೇರೂರಿದ ಆಟ ಇದು. ಇಲ್ಲಿ ಓದಿದವರಲ್ಲಿ ಒಮ್ಮೆಯಾದರೂ ಅದರ ಚೆಂಡು ಹಿಡಿಯದವರು ಕಡಿಮೆ. 2.2 ಮೀಟರ್ ಎತ್ತರದ ನೆಟ್, ಎರಡೂ ಕೈಯಲ್ಲಿ ಹಿಡಿ, ಮೂರು ಸೆಕೆಂಡಿನೊಳಗೆ ಒಂದೇ ಕೈಯಲ್ಲಿ ಭುಜದ ಮೇಲಿಂದ ಎಸೆ. 15 ಪಾಯಿಂಟಿನ ಸೆಟ್, ಮೂರರಲ್ಲಿ ಎರಡು ಗೆದ್ದವರು ಗೆದ್ದಂತೆ. ವಾಲಿಬಾಲ್‌ನಲ್ಲಾದರೆ ಚೆಂಡನ್ನು ಹೊಡೆಯುವ ಕೌಶಲ ಬೇಕು, ಇಲ್ಲಿ ಹಿಡಿಯುವುದಕ್ಕೆ ಬಂದರೆ ಸಾಕು. ಒಬ್ಬೊಬ್ಬರ ಪಾಲಿಗೆ ನಾಲ್ಕೈದು ಹೆಜ್ಜೆಯ ಜಾಗ. ಏದುಸಿರು ಬಂದರೂ ಸರ್ವಿಸ್‌ಗಳ ನಡುವೆ ಆರಿಸಿಕೊಳ್ಳಲು ಸಮಯವಿರುತ್ತದೆ.

ಎದೆಯ ಮಾತು ಮೊದಲು

2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ ಹೃದಯಾಘಾತದಿಂದ ತೀರಿಕೊಂಡಾಗ ಅವರಿಗೆ 46. ಅದಾದ ವಾರಗಳಲ್ಲಿ ಜಯದೇವ ಆಸ್ಪತ್ರೆಯ ಮುಂದೆ ತಪಾಸಣೆಗೆ ಜನ ಮುಗಿಬಿದ್ದರು. ಎಷ್ಟೋ ಮನೆಗಳಲ್ಲಿ "ವ್ಯಾಯಾಮವೇ ಬೇಡ" ಎಂಬ ಮಾತೂ ಹುಟ್ಟಿಕೊಂಡಿತು. ಆ ಭಯ ನನಗೆ ಅರ್ಥವಾಗುತ್ತದೆ, ಅವರು ನಮ್ಮ ಮನೆಯ ಹುಡುಗನಂತಿದ್ದರು. ಆದರೆ ಆಟವಾಡದೆ ಕೂರುವುದು ಹೃದಯಕ್ಕೆ ರಕ್ಷಣೆ ಅಲ್ಲ. 52 ದೇಶಗಳಲ್ಲಿ ನಡೆದ ಇಂಟರ್‌ಹಾರ್ಟ್ ಅಧ್ಯಯನದ ಪ್ರಕಾರ ದಕ್ಷಿಣ ಏಷ್ಯಾದವರಿಗೆ ಮೊದಲ ಹೃದಯಾಘಾತ ಬರುವ ವಯಸ್ಸು ಸುಮಾರು 53, ಬೇರೆ ಕಡೆಯವರಿಗಿಂತ ಐದಾರು ವರ್ಷ ಮೊದಲು. ದಿನನಿತ್ಯದ ದೈಹಿಕ ಚಟುವಟಿಕೆ ಆ ಅಪಾಯವನ್ನು ಕಡಿಮೆ ಮಾಡುತ್ತದೆಂದು ತೋರಿಸಿದ್ದೂ ಅದೇ ಅಧ್ಯಯನ. ಅಪಾಯವಿರುವುದು ವರ್ಷಗಟ್ಟಲೆ ಕೂತಿದ್ದ ಮೈಯನ್ನು ಒಂದೇ ಬೆಳಗ್ಗೆ ಪೂರ್ತಿ ದುಡಿಸುವುದರಲ್ಲಿ.

ಹಾಗಾಗಿ ಹೆಸರು ಕೊಟ್ಟ ವಾರವೇ ಬಿಪಿ, ಸಕ್ಕರೆ ನೋಡಿಸಿ. ನಡೆದಾಗ ಎದೆ ಬಿಗಿದಂತಾಗುವುದು, ತಲೆ ಸುತ್ತಿ ಬಿದ್ದದ್ದು, ಕಾರಣವಿಲ್ಲದೆ ಎದೆ ಡವಗುಟ್ಟುವುದು, ಮನೆಯಲ್ಲಿ ಚಿಕ್ಕ ವಯಸ್ಸಿನಲ್ಲೇ ಹೃದಯಾಘಾತ ಆದವರಿರುವುದು, ಇವುಗಳಲ್ಲಿ ಒಂದಿದ್ದರೂ ವೈದ್ಯರನ್ನು ಕಂಡು, ಅವರು ಹೇಳಿದ ಪರೀಕ್ಷೆ ಮುಗಿಸಿಯೇ ಮೈದಾನಕ್ಕೆ ಇಳಿಯಿರಿ. ಸಕ್ಕರೆಗೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು ಆಟದ ದಿನದ ಡೋಸ್ ಬಗ್ಗೆ ವೈದ್ಯರನ್ನೇ ಕೇಳಿ, ಮೂರು ಚಮಚ ಸಕ್ಕರೆ ಕಟ್ಟಿದ ಪೊಟ್ಟಣ ಜೇಬಿನಲ್ಲಿಟ್ಟುಕೊಳ್ಳಿ. ಆಡುವಾಗ ಕೈ ನಡುಗಿ ತಣ್ಣನೆ ಬೆವರು ಬಂದರೆ ಅದನ್ನು ತಿಂದು ಕೂರಬೇಕು, "ಈ ಪಾಯಿಂಟ್ ಮುಗೀಲಿ" ಎನ್ನಬಾರದು. ಯಾರಿಗೇ ಆಗಲಿ ಎದೆಯಿಂದ ದವಡೆಗೋ ಎಡತೋಳಿಗೋ ನೋವು ಹರಿದರೆ ಪಂದ್ಯ ನಿಲ್ಲಿಸಿ 108ಕ್ಕೆ ಕರೆ ಮಾಡಿ. ಗ್ಯಾಸ್ ಇರಬಹುದು ಎಂದು ಸೋಡಾ ತರಿಸುವ ಹೊತ್ತು ಅದಲ್ಲ.

ಆರು ವಾರದ ತಯಾರಿ

ನಮ್ಮ ಅದೃಷ್ಟಕ್ಕೆ ಜ್ಞಾನಭಾರತಿ ಪಕ್ಕದಲ್ಲೇ ಇದೆ. ಬೆಳಗ್ಗೆ ಆರರ ಹೊತ್ತಿಗೆ ವಿಶ್ವವಿದ್ಯಾಲಯದ ಆವರಣದ ಮರಗಳ ನಡುವೆ ನಡೆದರೆ ಊರಿನೊಳಗಿದ್ದೇವೆ ಅನ್ನಿಸುವುದಿಲ್ಲ. ಅದೇ ಆವರಣಕ್ಕೆ ಹೊಂದಿಕೊಂಡ ಭಾರತೀಯ ಕ್ರೀಡಾ ಪ್ರಾಧಿಕಾರದ ಕೇಂದ್ರದಲ್ಲಿ ರಾಷ್ಟ್ರೀಯ ಹಾಕಿ ತಂಡಗಳ ಶಿಬಿರ ನಡೆಯುತ್ತದೆ. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ನಾಲ್ಕನೇ ಸ್ಥಾನಕ್ಕೆ ಬಂದ ಮಹಿಳಾ ತಂಡ ತಯಾರಾದದ್ದು ಇಲ್ಲೇ. ಅವರು ಬೆವರು ಹರಿಸಿದ ಜಾಗದ ಮಗ್ಗುಲಲ್ಲೇ ನಾವೂ ನಡೆಯುತ್ತಿದ್ದೇವೆ ಎಂಬ ಸಂಗತಿ ನನಗೆ ಎಷ್ಟೋ ಚಳಿಯ ಬೆಳಗುಗಳಲ್ಲಿ ಹಾಸಿಗೆ ಬಿಡಿಸಿದೆ. ಅಷ್ಟು ದೂರ ಆಗದವರಿಗೆ ಮಲ್ಲತ್ತಹಳ್ಳಿ ಕೆರೆಯ ದಂಡೆ ಇದೆ, ಬಡಾವಣೆಯ ಪಾರ್ಕ್ ಇದೆ.

ಮೊದಲ ಎರಡು ವಾರ ಬರೀ ನಡಿಗೆ. ವಾರಕ್ಕೆ ಐದು ದಿನ, ಅರ್ಧರ್ಧ ಗಂಟೆ. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಹೇಳುವ ವಾರಕ್ಕೆ ಕನಿಷ್ಠ 150 ನಿಮಿಷದ ಲೆಕ್ಕ ಇಷ್ಟಕ್ಕೇ ತುಂಬುತ್ತದೆ. ಪಕ್ಕದವರ ಜೊತೆ ಮಾತಾಡಲು ಆಗಬೇಕು, ಹಾಡಲು ಆಗಬಾರದು. ಆ ವೇಗ ಸಾಕು. ಮೂರನೇ ವಾರದಿಂದ ಒಂದು ನಿಮಿಷ ನಿಧಾನದ ಓಟ, ಎರಡು ನಿಮಿಷ ನಡಿಗೆ, ಹೀಗೆ ಎಂಟು ಸಲ, ದಿನ ಬಿಟ್ಟು ದಿನ. ಮಂಡಿ ನೋಯುತ್ತದೆ ಅನ್ನುವವರು ಓಟದ ಬದಲು ಏರು ರಸ್ತೆಯಲ್ಲಿ ಬಿರುಸಾಗಿ ನಡೆಯಿರಿ.

ಆದರೆ ನಡಿಗೆ ಒಂದನ್ನೇ ನಂಬಬೇಡಿ. ನಾನು ಬಿದ್ದ ವರ್ಷವೂ ದಿನಾ ವಾಕಿಂಗ್ ಹೋಗುತ್ತಿದ್ದೆ. ನಡಿಗೆಯಲ್ಲಿ ಕಾಲು ಮುಂದಕ್ಕಷ್ಟೇ ಹೋಗುತ್ತದೆ. ಆಟ ಕೇಳುವುದು ಪಕ್ಕಕ್ಕೆ, ಹಿಂದಕ್ಕೆ, ತಟ್ಟನೆ ನಿಲ್ಲುವುದಕ್ಕೆ. ಇದಕ್ಕೆ ಮನೆಯಲ್ಲೇ ಮಾಡುವ ಮೂರು ಅಭ್ಯಾಸಗಳು ಸಾಕು, ಜಿಮ್ ಬೇಡ. ಅಡುಗೆ ಕಟ್ಟೆ ಹಿಡಿದು ಹಿಮ್ಮಡಿ ಎತ್ತಿ ಇಳಿಸುವುದು ಮೊದಲನೆಯದು. ಕುಕ್ಕರ್ ಕೂಗುವ ತನಕ ನಿಂತೇ ಇರುತ್ತೇವಲ್ಲ, ಆಗ. ಮೊದಲು ಎರಡೂ ಕಾಲಲ್ಲಿ ಹದಿನೈದು, ಇಳಿಸುವಾಗ ಮೂರು ಎಣಿಸುವಷ್ಟು ನಿಧಾನ. ಆರನೇ ವಾರದ ಹೊತ್ತಿಗೆ ಒಂದೇ ಕಾಲಲ್ಲಿ ಅಷ್ಟು ಆಗುವಂತಿರಬೇಕು. ಮೀನಖಂಡವನ್ನೂ ಅಕಿಲಿಸ್ ರಜ್ಜುವನ್ನೂ ಆಟಕ್ಕೆ ಹದ ಮಾಡುವುದು ಇದೇ. ಎರಡನೆಯದು ಕೈ ಊರದೆ ಕುರ್ಚಿಯಿಂದ ಎದ್ದು ಕೂರುವುದು, ತೊಡೆಗೂ ಮಂಡಿಗೂ. ಮೂರನೆಯದು ಹಲ್ಲುಜ್ಜುವಾಗ ಒಂಟಿ ಕಾಲಲ್ಲಿ ನಿಲ್ಲುವುದು. ಇದು ಆಟದಂತೆ ಕಂಡರೂ ಒಮ್ಮೆ ಉಳುಕಿದ ಕಣಕಾಲು ಮತ್ತೆ ಉಳುಕದಂತೆ ತಡೆಯುವ ಅಭ್ಯಾಸಗಳಲ್ಲಿ ಮುಖ್ಯವಾದದ್ದು. ನನ್ನ ಫಿಸಿಯೋ ಮೊದಲ ದಿನವೇ ಹೇಳಿಕೊಟ್ಟದ್ದು ಇದನ್ನೇ. ಆ ದಿನ ನಾಲ್ಕು ಸೆಕೆಂಡು ನಿಲ್ಲುವುದೂ ಆಗಿರಲಿಲ್ಲ.

ಕೊನೆಯ ಎರಡು ವಾರ ಅಂಗಳದಲ್ಲೋ ಟೆರೇಸಿನಲ್ಲೋ ಏಡಿಯ ಹಾಗೆ ಅಡ್ಡಡ್ಡ ಹೆಜ್ಜೆ, ಹಿಮ್ಮುಖ ಹೆಜ್ಜೆ. ಥ್ರೋಬಾಲಿನವರು ಭುಜದ ಲೆಕ್ಕವನ್ನೂ ಇಟ್ಟುಕೊಳ್ಳಬೇಕು. ಮೊದಲ ದಿನ ಇಪ್ಪತ್ತು ಎಸೆತ, ಅಷ್ಟೇ. ವಾರಕ್ಕೆ ಹತ್ತು ಹತ್ತು ಹೆಚ್ಚಿಸಿ. ನಲವತ್ತರಿಂದ ಅರವತ್ತರ ನಡುವೆ ಭುಜ ಬಿಗಿದು ಹಿಡಿದುಕೊಳ್ಳುವ ತೊಂದರೆ ಹೆಂಗಸರಲ್ಲಿ ಹೆಚ್ಚು, ಸಕ್ಕರೆ ಇರುವವರಲ್ಲಿ ಇನ್ನೂ ಹೆಚ್ಚು. ಕೈ ಹಿಂದೆ ತಿರುಗಿಸಿ ಒಳಉಡುಪಿನ ಕೊಕ್ಕೆ ಹಾಕಲು ಆಗುತ್ತಿಲ್ಲ, ಆ ಪಕ್ಕಕ್ಕೆ ಮಲಗಿದರೆ ರಾತ್ರಿ ನೋವಿಗೆ ಎಚ್ಚರವಾಗುತ್ತದೆ ಎಂದಾದರೆ ಎಸೆಯುವುದು ನಿಲ್ಲಿಸಿ ಮೊದಲು ತೋರಿಸಿ.

ಹೆಂಗಸರು ಬಾಯಿ ಬಿಟ್ಟು ಹೇಳದ್ದು

ನಮ್ಮ ತಂಡದಲ್ಲಿ ಒಬ್ಬರು ಚೆನ್ನಾಗಿ ಆಡುತ್ತಿದ್ದವರು ಇದ್ದಕ್ಕಿದ್ದಂತೆ ಬರುವುದು ಬಿಟ್ಟರು. ಮನೆಯಲ್ಲಿ ಕೆಲಸ ಎಂದರು. ಎಷ್ಟೋ ದಿನ ಬಿಟ್ಟು, ತರಕಾರಿ ಗಾಡಿಯ ಹತ್ತಿರ ಸಿಕ್ಕಾಗ, ದನಿ ತಗ್ಗಿಸಿ ನಿಜ ಹೇಳಿದರು: ನೆಗೆದರೆ ಮೂತ್ರ ಹನಿ ಹನಿಯಾಗಿ ಹೋಗುತ್ತದೆ. ಹೆರಿಗೆಯಾದ ಹೆಂಗಸರಲ್ಲಿ ಇದು ತೀರಾ ಸಾಮಾನ್ಯ. ಸರಿಮಾಡಿಕೊಳ್ಳಲು ಸಾಧ್ಯವಿರುವ ಇಂಥ ತೊಂದರೆಗೆ ಒಬ್ಬ ಒಳ್ಳೆಯ ಆಟಗಾರ್ತಿ ಮನೆಯಲ್ಲಿ ಕೂತದ್ದು ನೋಡಿ ನನಗೆ ಸಂಕಟವಾಯಿತು. ಇದಕ್ಕಿರುವ ಅಭ್ಯಾಸ ಇಷ್ಟೇ: ಮೂತ್ರವನ್ನು ತಡೆದು ಹಿಡಿಯುವಂತೆ ಕೆಳಗಿನ ಸ್ನಾಯುಗಳನ್ನು ಮೇಲಕ್ಕೆ ಎಳೆದು ಕೆಲವು ಸೆಕೆಂಡು ಹಿಡಿಯುವುದು, ಬಿಡುವುದು. ಒಂದು ಸಲಕ್ಕೆ ಎಂಟು ಹತ್ತು ಬಾರಿ, ದಿನಕ್ಕೆ ಮೂರು ಸಲ, ಕನಿಷ್ಠ ಮೂರು ತಿಂಗಳು. ಮೂತ್ರ ಮಾಡುತ್ತಿರುವಾಗ ಇದನ್ನು ಮಾಡಬಾರದು. ಅಲ್ಲಿಯವರೆಗೆ ಪ್ಯಾಡ್ ಹಾಕಿಕೊಂಡು, ನೆಗೆಯದೆ, ಹಿಂದಿನ ಸಾಲಿನಲ್ಲಿ ಆಡಬಹುದು. ಕಡಿಮೆಯಾಗದಿದ್ದರೆ ಸ್ತ್ರೀರೋಗ ತಜ್ಞರಿದ್ದಾರೆ. ಆ ಆಟಗಾರ್ತಿ ಈಗ ನಮ್ಮ ಎರಡನೇ ಸಾಲಿನ ನಡುವೆ ನಿಲ್ಲುತ್ತಾರೆ.

ಇನ್ನೊಂದು ರಕ್ತಹೀನತೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ರಕ್ತಹೀನತೆ. ನಾಲ್ಕು ಹೆಜ್ಜೆಗೆ ಉಸಿರು ಕಟ್ಟಿದರೆ ವಯಸ್ಸಾಯಿತು, ದಪ್ಪಗಾದೆ ಎಂದು ನಮ್ಮನ್ನು ನಾವೇ ಬೈದುಕೊಳ್ಳುತ್ತೇವೆ. ಹಿಮೋಗ್ಲೋಬಿನ್ 12ಕ್ಕಿಂತ ಕಡಿಮೆ ಇದೆಯೇ ಎಂದು ಒಮ್ಮೆ ನೋಡಿಸಿ. ಹಾಗಿದ್ದರೆ ಬೇಕಾಗಿರುವುದು ಚಿಕಿತ್ಸೆ, ಛಲವಲ್ಲ.

"ಈ ವಯಸ್ಸಲ್ಲಿ ಯಾಕಮ್ಮ ಬೇಕು ನಿಂಗೆ" ಎಂದು ನನ್ನ ಅತ್ತೆ ಕೇಳಿದ್ದು ಕಾಲಿಗೆ ಕಟ್ಟು ಹಾಕಿಸಿಕೊಂಡು ಬಂದ ದಿನ. ಉತ್ತರ ಕೊಡಲಿಲ್ಲ. ಮರುವರ್ಷ ಅವರನ್ನೇ ಕುರ್ಚಿ ಹಾಕಿ ಮೈದಾನದ ಪಕ್ಕ ಕೂರಿಸಿದೆ. ಅರ್ಧ ಪಂದ್ಯದ ಹೊತ್ತಿಗೆ ಅಂಪೈರ್ ಜೊತೆ ಅವರೇ ವಾದಕ್ಕೆ ನಿಂತಿದ್ದರು.

ಶೂ, ಬಿಸಿ, ಪೆಟ್ಟು

ದುಡ್ಡು ಖರ್ಚು ಮಾಡುವುದಿದ್ದರೆ ಶೂಗೆ ಮಾಡಿ. ವಾಕಿಂಗಿಗೆ ಕೊಂಡ, ಹಿಮ್ಮಡಿ ಎತ್ತರದ ಮೆತ್ತನೆ ಓಟದ ಶೂ ಅಡ್ಡಡ್ಡ ಚಲಿಸುವ ಆಟಕ್ಕೆ ಆಗುವುದಿಲ್ಲ. ಪಾದ ಮಗುಚುವುದು ಅದರಲ್ಲಿ ಸುಲಭ. ತಳ ಚಪ್ಪಟೆಯಿರುವ, ಪಕ್ಕ ಗಟ್ಟಿಯಿರುವ ಬ್ಯಾಡ್ಮಿಂಟನ್ ಶೂ ಶಟಲ್ಲಿಗೂ ಆಗುತ್ತದೆ, ಥ್ರೋಬಾಲಿಗೂ ಆಗುತ್ತದೆ. ಚೂಡಿದಾರ್ ಹಾಕಿಕೊಂಡು ಆಡುವವರು ದುಪಟ್ಟಾ ಬೆಂಚಿನ ಮೇಲಿಡಿ, ಬಳೆ ಮನೆಯಲ್ಲಿಡಿ. ಇನ್ನು ಮಳೆ. ಬೆಂಗಳೂರಿನಲ್ಲಿ ಸೆಪ್ಟೆಂಬರ್, ಅಕ್ಟೋಬರ್ ಜೋರು ಮಳೆಯ ತಿಂಗಳುಗಳು. ಅಭ್ಯಾಸ ನಡೆಯುವುದೂ ಆಗಲೇ. ಸಿಮೆಂಟ್ ಕೋರ್ಟಿನ ಮೂಲೆಯಲ್ಲಿ ಪಾಚಿ ಹಸಿರು ಕಂಡರೆ ಪೊರಕೆಯಿಂದ ಉಜ್ಜಿಸದೆ ಆಡಬೇಡಿ. ಯಾರಾದರೂ ಒಬ್ಬರು ಈ ಹಟ ಹಿಡಿಯಬೇಕು, ನೀವೇ ಹಿಡಿಯಿರಿ.

ಆಟಕ್ಕೆ ಮುಂಚಿನ ಹದಿನೈದು ನಿಮಿಷ ಮೈ ಬಿಸಿ ಮಾಡಿಕೊಳ್ಳುವುದಕ್ಕೆ. ಒಂದೇ ಕಡೆ ನಿಂತು ಕಾಲು ಎಳೆದು ಹಿಡಿಯುವುದರಿಂದ ಮೈ ಬಿಸಿಯಾಗದು. ನಿಧಾನದ ಓಟ, ಮಂಡಿ ಎತ್ತಿ ನಡೆಯುವುದು, ಅಡ್ಡ ಹೆಜ್ಜೆ, ತೋಳು ಸುತ್ತುವುದು, ಕೊನೆಗೆ ಹಗುರ ಎಸೆತಗಳು. ಫುಟ್‌ಬಾಲ್ ಆಡುವವರಿಗಾಗಿ ಫಿಫಾ ರೂಪಿಸಿದ "11+" ಎಂಬ ಇಪ್ಪತ್ತು ನಿಮಿಷದ ಕ್ರಮದಲ್ಲೂ ಓಟ, ಶಕ್ತಿ, ಸಮತೋಲ ಮೂರನ್ನೂ ಬೆರೆಸಿದ್ದಾರೆ. ಅದನ್ನು ತಪ್ಪದೆ ಮಾಡಿದ ತಂಡಗಳಲ್ಲಿ ಗಾಯಗಳು ಗಮನಾರ್ಹವಾಗಿ ಇಳಿದಿವೆ.

ಇಷ್ಟಾದರೂ ಪೆಟ್ಟು ಬೀಳಬಹುದು. ಆಡಿದ ಎರಡನೇ ದಿನ ತೊಡೆ, ತೋಳು ಹಿಡಿದುಕೊಂಡಂತೆ ನೋಯುವುದು ಸಹಜ, ಮೂರ್ನಾಲ್ಕು ದಿನಕ್ಕೆ ತಾನೇ ಹೋಗುತ್ತದೆ. ಕಣಕಾಲು ಉಳುಕಿದರೆ ಬಟ್ಟೆಯಲ್ಲಿ ಸುತ್ತಿದ ಐಸ್, ಕ್ರೇಪ್ ಬ್ಯಾಂಡೇಜ್, ಕಾಲು ದಿಂಬಿನ ಮೇಲೆ. ಮೊದಲ ಎರಡು ಮೂರು ದಿನ ಎಣ್ಣೆ ಹಚ್ಚಿ ನೀವಬಾರದು. ನನಗೆ ಅಂದು ಪ್ರೀತಿಯಿಂದಲೇ ನೀವಿದರು, ಊತ ಇಮ್ಮಡಿಯಾಯಿತು. ಪುತ್ತೂರು ಕಟ್ಟು ಹಾಕುವವರ ಬೋರ್ಡು ನಮ್ಮ ಕಡೆ ಬೇಕಾದಷ್ಟಿವೆ, ನಂಬಿಕೆಯಿಂದ ಹೋಗುವವರೂ ಇದ್ದಾರೆ. ಎಲ್ಲಿಗೇ ಹೋಗಿ, ಎಕ್ಸ್‌ರೇ ಬೇಕೇ ಎಂದು ಮೊದಲು ಗೊತ್ತುಮಾಡಿಕೊಳ್ಳಿ. ವೈದ್ಯರು ಬಳಸುವ ಒಟ್ಟಾವ ನಿಯಮ ನೆನಪಿಡುವುದಕ್ಕೆ ಸುಲಭ. ನಾಲ್ಕು ಹೆಜ್ಜೆ ಊರಲು ಆಗದಿದ್ದರೆ, ಅಥವಾ ಕಣಕಾಲಿನ ಎರಡು ಬದಿಯ ಉಬ್ಬುಮೂಳೆಗಳಲ್ಲಿ ಯಾವುದರದ್ದಾದರೂ ಹಿಂಭಾಗವನ್ನೋ ತುದಿಯನ್ನೋ ಒತ್ತಿದಾಗ ಮೂಳೆಯೇ ನೋಯುತ್ತಿದ್ದರೆ ಎಕ್ಸ್‌ರೇ ಬೇಕು. ಓಡುತ್ತಿದ್ದಾಗ ಹಿಮ್ಮಡಿಯ ಮೇಲೆ ಹಿಂದಿನಿಂದ ಯಾರೋ ಒದ್ದಂತಾಗಿ, ತಿರುಗಿ ನೋಡಿದರೆ ಯಾರೂ ಇಲ್ಲದಿದ್ದರೆ ಅದು ಅಕಿಲಿಸ್ ಇರಬಹುದು. ಒಂಟಿ ಕಾಲಲ್ಲಿ ಹಿಮ್ಮಡಿ ಎತ್ತಲು ಆಗದಿದ್ದರೆ ಅದೇ ದಿನ ಮೂಳೆ ವೈದ್ಯರ ಬಳಿಗೆ ಹೋಗಬೇಕು.

ತಂಡಕ್ಕೆ ಸೇರುವಾಗ

ಎಲ್ಲಿ ಕೇಳುವುದು ಎನ್ನುವವರಿಗೆ: ಕ್ಷೇಮಾಭಿವೃದ್ಧಿ ಸಂಘದ ಕಾರ್ಯದರ್ಶಿ, ಮಗುವಿನ ಶಾಲೆಯ ಪಿಟಿ ಮೇಷ್ಟ್ರು, ಪಾರ್ಕಿನಲ್ಲಿ ಬೆಳಗ್ಗೆ ಸೇರುವ ಗುಂಪು. ಈ ಮೂವರಲ್ಲಿ ಒಬ್ಬರಿಗಾದರೂ ಗೊತ್ತಿರುತ್ತದೆ. ಅಂಕಣ ಎಲ್ಲಿ ಎಂದೂ ಅವರೇ ಹೇಳುತ್ತಾರೆ, ಯಾವುದೋ ಸಿಎ ಸೈಟ್, ಭಾನುವಾರ ಬಿಟ್ಟುಕೊಡುವ ಶಾಲೆಯ ಅಂಗಳ. ತಂಡ ಆರಿಸುವಾಗ ನಾನು ನೋಡುವುದು ಬೆಂಚನ್ನು. ಏಳು ಜನ ಆಡುವ ತಂಡದಲ್ಲಿ ಹತ್ತು ಜನ ಇರಬೇಕು. ಸರಿಯಾಗಿ ಏಳೇ ಜನ ಇದ್ದರೆ ನೋವಿದ್ದರೂ ನೀವು ಆಡಲೇಬೇಕು, ಹೊಸಬರಿಗೆ ಅದು ಕೆಟ್ಟದ್ದು. ಮೊದಲ ಪಂದ್ಯದಲ್ಲಿ ಒಂದು ಸೆಟ್ ಸಾಕು ಎಂದು ನಾಯಕಿಗೆ ಮುಂಚೆಯೇ ಹೇಳಿ. ಹಾಗೆ ಹೇಳಿದ್ದಕ್ಕೆ ಮುಖ ಸಿಂಡರಿಸುವ ತಂಡವಾದರೆ ಬೇರೆ ತಂಡ ನೋಡಿ.

ಅಭ್ಯಾಸದ ಮೊದಲ ಸಂಜೆ ನಮ್ಮ ನಾಯಕಿ ಹೊಸಬರಿಗೆ ಚೆಂಡು ಕೊಡುವುದಿಲ್ಲ. ಕೂಗುವುದನ್ನು ಕಲಿಸುತ್ತಾರೆ. ಇಬ್ಬರ ನಡುವೆ ಚೆಂಡು ಬಂದಾಗ ಒಬ್ಬರು "ನಂದು!" ಎಂದು ಕೂಗಬೇಕು, ಇನ್ನೊಬ್ಬರು ಬಿಡಬೇಕು. ಕೂಗದಿದ್ದರೆ ಇಬ್ಬರ ತಲೆಗೆ ತಲೆ ಡಿಕ್ಕಿ. ಮನೆಯೊಳಗೆ ದನಿ ಏರಿಸದೆ ಬದುಕಿದ ಹೆಂಗಸರಿಗೆ ಬೀದಿಗೆ ಕೇಳುವಂತೆ ಹಾಗೆ ಕೂಗುವುದು ಓಡುವುದಕ್ಕಿಂತ ಕಷ್ಟ. ಕಳೆದ ಸೆಪ್ಟೆಂಬರಿನಲ್ಲಿ ಸೇರಿದ, ನನಗಿಂತ ಆರು ವರ್ಷ ದೊಡ್ಡವರಾದ ಎದುರು ಮನೆಯ ಅಕ್ಕ ಮೊದಲ ವಾರ ತುಟಿ ಅಲ್ಲಾಡಿಸುತ್ತಿದ್ದರು, ಶಬ್ದ ಬರುತ್ತಿರಲಿಲ್ಲ. ನಾಲ್ಕನೇ ವಾರದ ಒಂದು ಸಂಜೆ, ಬೀದಿ ದೀಪ ಹತ್ತಿದ ಮೇಲೆ, ನನ್ನ ಕೈಗೆ ಬರುತ್ತಿದ್ದ ಚೆಂಡಿಗೆ ಬೆನ್ನ ಹಿಂದಿನಿಂದ "ನಂದೂ!" ಎಂಬ ಕೂಗು ಬಂತು. ನಾನು ಬಿಟ್ಟೆ. ಅಕ್ಕ ಹಿಡಿದರು, ಮೂರು ಸೆಕೆಂಡಿನೊಳಗೆ ನೆಟ್ಟಿನ ಆಚೆ ಎಸೆದರು.